ಗಡಗಡ ಸಂಘದ ಆಜೀವ ಸದಸ್ಯ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ವಾಷರ್. ರಬ್ಬರಿನದು, ಹೆಬ್ಬೆರಳ ಉಗುರಿನಷ್ಟಗಲ. ಜುಲೈ ತಿಂಗಳ ಕೊನೆಯ ಭಾನುವಾರ, ಭೂಮಿಯ ದಕ್ಷಿಣಾರ್ಧದ ನಮ್ಮೂರಿನ ಕೊರೆಯುವ ಚಳಿಗಾಲದಲ್ಲಿ, ಬೆಳಿಗ್ಗೆ ಎಂಟೂವರೆಗೆ ರೇಲೀನಳ ಅಡುಗೆಮನೆಯ ನಲ್ಲಿಯೊಳಗೆ ಅದು ಸವೆದು ಹರಿದುಹೋಯಿತು.

"ನೆವಿಲ್! ಏ ನೆವಿಲ್!" ಪಕ್ಕದ ಮನೆಯ ರೇಲೀನ್ ಬೇಲಿಯ ಮೇಲಿಂದ ಕತ್ತು ಚಾಚಿದಳು. "ನಲ್ಲಿ ತೊಟ್ಟಿಕ್ತಾ ಇದೆ ಕಣೋ. ಟಪ್ ಟಪ್ ಅಂತ ತಲೆ ಚಿಟ್ಟು ಹಿಡೀತಿದೆ. ಐದೇ ನಿಮಿಷದ ಕೆಲಸ, ಬಾ."

ಬಾಗಿಲಿಗೆ ಬೀಗ ಹಾಕುತ್ತಿದ್ದ ನೆವಿಲ್ ಟ್ರೆಂಬತ್ ಹಾಗೇ ನಿಂತ. "ಇವತ್ತು ಬೇಡ ರೇಲೀನ್. ಹತ್ತು ಗಂಟೆಗೆ ನಾನು ಕೊಳದಲ್ಲಿರಬೇಕು. ಇವತ್ತೇ ಕೊನೇ ಭಾನುವಾರ, ಗೊತ್ತಲ್ಲ?"

"ಗೊತ್ತು ಮಾರಾಯ, ಇಡೀ ಬೀದಿಗೇ ಗೊತ್ತು. ನಾನೂ ನೋಡೋಕೆ ಬರ್ತಿದೀನಿ. ಹತ್ತಕ್ಕೆ ಇನ್ನೂ ಒಂದೂವರೆ ಗಂಟೆ ಇದೆ. ಹೋಗುವಾಗ ನನ್ನ ಕಾರಲ್ಲೇ ಹೋಗೋಣ, ಸರೀನಾ?"

ಐದೇ ನಿಮಿಷ! ಈ ಮಾತು ಕೇಳಿಕೊಂಡೇ ನೆವಿಲ್‌ನ ಐವತ್ತೊಂದು ವರ್ಷ ಕಳೆದಿತ್ತು. ನಮ್ಮ ಮುಲ್ಲಾರಾದಲ್ಲಿ ನಲ್ಲಿ, ಪೈಪು, ಮೋರಿ ಅಂದರೆ ನೆವಿಲ್. ಬೇರೆ ಪ್ಲಂಬರ್ ಬೇಕೆಂದರೆ ನಲವತ್ತು ಕಿಲೋಮೀಟರ್ ದೂರದಿಂದ ಕರೆಸಬೇಕು, ಅವನು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮದುವೆ ಊಟದ ನಡುವೆ ಎದ್ದು ಹೋಗಿ ಕಟ್ಟಿಕೊಂಡ ಕಕ್ಕಸು ಬಿಡಿಸಿ ಬಂದವನು ನಮ್ಮ ನೆವಿಲ್, ಅದೂ ತನ್ನದೇ ಮದುವೆಯ ಊಟ. ಪಾಪದ ಮನುಷ್ಯ. 'ಆಗಲ್ಲ' ಅನ್ನುವ ಮಾತು ಗಂಟಲವರೆಗೆ ಬರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ.

ಐದು ವರ್ಷದ ಹಿಂದೆ ಡಾಕ್ಟರು ಅವನ ತೋಳಿನಿಂದ ರಕ್ತದೊತ್ತಡದ ಪಟ್ಟಿ ಬಿಚ್ಚುತ್ತಾ, "ತಪ್ಪದೆ ವ್ಯಾಯಾಮ ಮಾಡಯ್ಯಾ, ಇಲ್ಲಾಂದ್ರೆ ನಿನ್ನದೇ ಒಂದು ಪೈಪು ಒಡೆಯುತ್ತೆ" ಅಂದಿದ್ದರು. ನೆವಿಲ್ ಮಾಡದ ಪ್ರಯತ್ನವಿಲ್ಲ. ಬೆಳಗಿನ ಓಟ ಶುರು ಮಾಡಿದ. ಮೂರನೇ ದಿನ ರಾತ್ರಿಯುಡುಪಿನಲ್ಲಿದ್ದ ಹೆಂಗಸೊಬ್ಬಳು ಗೇಟಿನ ಹತ್ತಿರವೇ ಅಡ್ಡಹಾಕಿ, "ಹೇಗೂ ಓಡ್ತಾನೇ ಇದೀಯಲ್ಲ, ಹಾಗೇ ಒಳಗೆ ಬಂದು ಬಿಸಿನೀರಿನ ಹಂಡೆ ನೋಡಿಬಿಡು" ಅಂದಳು. ಒಂದು ವಾರದಲ್ಲಿ ಅವನು ಪಾನಾ ಹಿಡಿದುಕೊಂಡೇ ಓಡುವ ಸ್ಥಿತಿಗೆ ಬಂದ. ಜಿಮ್ಮಿಗೆ ಸೇರಿದ. ಅಲ್ಲಿ ಅವನು ಎತ್ತಿದ ಭಾರಕ್ಕಿಂತ ಸರಿಮಾಡಿದ ಷವರ್‌ಗಳೇ ಹೆಚ್ಚು. ಮನೆಯಲ್ಲೇ ತುಳಿಯುವ ಸೈಕಲ್ ತಂದ. ಹೆಂಡತಿ ಗ್ಲೆನಿಸ್ ಅದರ ಮೇಲೆ ಟವೆಲ್ ಒಣಹಾಕಿದಳು, ಇವತ್ತಿಗೂ ಅದು ಟವೆಲ್ ಒಣಹಾಕುವ ಸೈಕಲ್ಲೇ.

ಕೊನೆಗೆ ಸಿಕ್ಕಿದ್ದು ಮುಲ್ಲಾರಾ ಕಡಲಕೊಳದ ಈಜು ಸಂಘ. ಊರವರ ಬಾಯಲ್ಲಿ ಗಡಗಡ ಸಂಘ. ಕಡಲ ಬಂಡೆ ಕಡಿದು ಕಟ್ಟಿದ ಕೊಳ ಅದು. ಅಲೆ ಜೋರಾದರೆ ಸಮುದ್ರವೇ ಗೋಡೆ ಹಾರಿ ಮೈಮೇಲೆ ಬೀಳುತ್ತದೆ. ಸಂಘದ ನಿಯಮ ಮಾತ್ರ ಕಬ್ಬಿಣದ್ದು. ಮಳೆಯಿರಲಿ, ಗಾಳಿಯಿರಲಿ, ಪ್ರತಿ ಭಾನುವಾರ ಹತ್ತು ಗಂಟೆಗೆ ಸರಿಯಾಗಿ ಶುರುವಾಗುವ ಸ್ಪರ್ಧೆಗೆ ನೀರಿಗೆ ಹಾರಬೇಕು. ತಿಂಗಳಿಗೆ ಒಂದು ಭಾನುವಾರ ತಪ್ಪಿದರೆ ಮಾಫಿ. ಎರಡು ತಪ್ಪಿದರೆ ಅಲ್ಲಿಯವರೆಗಿನದೆಲ್ಲ ಅಳಿಸಿ ಮತ್ತೆ ಮೊದಲಿಂದ. ಹೀಗೆ ಐದು ವರ್ಷ ತುಂಬಿಸಿದವನು ಆಜೀವ ಸದಸ್ಯ. ಎದೆಗೊಂದು ಹಿತ್ತಾಳೆ ಬಿಲ್ಲೆ, ಕೊಳದ ಗೋಡೆಯ ಮೇಲಿನ ಹಲಗೆಯಲ್ಲಿ ಹೆಸರು.

ಸೇರಿದ ಎರಡನೇ ವಾರವೇ ನೆವಿಲ್‌ಗೆ ನಮ್ಮೂರಿನ ಒಂದು ಗುಟ್ಟು ತಿಳಿಯಿತು. "ಈಜಬೇಕು ಅಂತ ಆಸೆ" ಅಂದರೆ ಯಾರೂ ಬಿಡುವುದಿಲ್ಲ. "ಈಜಲೇಬೇಕಂತೆ, ನಿಯಮ" ಅಂದರೆ ಮೋರಿ ಉಕ್ಕುತ್ತಿದ್ದವನೂ ದಾರಿ ಬಿಡುತ್ತಾನೆ. ಒಬ್ಬ ಮನುಷ್ಯನ ಆಸೆಗೆ ಇಲ್ಲದ ಮರ್ಯಾದೆ ಮೂರು ಸಾಲಿನ ನಿಯಮಕ್ಕೆ ಇದೆ! ಅಂದಿನಿಂದ ನೆವಿಲ್ ಪ್ರತಿ ಶನಿವಾರ ಸಂಜೆಯೇ ನರಳಲು ಶುರು ಮಾಡುತ್ತಿದ್ದ. "ಅಯ್ಯೋ, ನಾಳೆ ಮತ್ತೆ ಆ ಮಂಜುನೀರು. ಯಾವ ಪಾಪಕ್ಕೆ ಸೇರಿದ್ನೋ." ಎಲ್ಲರೂ ಅಯ್ಯೋ ಪಾಪ ಅನ್ನುತ್ತಿದ್ದರು. ಸ್ಪರ್ಧೆ ಮುಗಿದ ಮೇಲೂ ಅರ್ಧ ಗಂಟೆ ಈಜಬೇಕೆಂಬುದು ಸಂಘದ ನಿಯಮ ಎಂದೂ ಮನೆಯಲ್ಲಿ ಹೇಳಿದ್ದ. ಅಂಥ ನಿಯಮವೇ ಇರಲಿಲ್ಲ.

ನಿಜ ಹೇಳಬೇಕೆಂದರೆ ಆ ನೀರೆಂದರೆ ಅವನಿಗೆ ಪ್ರಾಣ. ವಾರವಿಡೀ ಪರರ ನೀರಿನಲ್ಲಿ ಕೈಯಾಡಿಸುವವನಿಗೆ ಅದೊಂದೇ ನೀರು ಸ್ವಂತದ್ದು. ಮೊದಲ ಮುಳುಗಿಗೆ ಉಸಿರು ಕಟ್ಟುತ್ತಿತ್ತು, ಎದೆ ಬಿಗಿಯುತ್ತಿತ್ತು. ಆಮೇಲೆ ಕಿವಿಯೊಳಗೆ ನೀರು ತುಂಬಿಕೊಂಡು ಊರು ಸುಮ್ಮನಾಗುತ್ತಿತ್ತು. ಫೋನು ಎಲ್ಲೋ ಒಣ ಜಾಗದಲ್ಲಿ ಹೊಡೆದುಕೊಳ್ಳುತ್ತಿರುತ್ತಿತ್ತು. ಕೆಳಗೆ ಹಸಿರು ಬೆಳಕು, ಮೇಲೆ ಕಡಲಹಕ್ಕಿ, ನಡುವೆ ನೆವಿಲ್. ಹುಡುಗನಾಗಿದ್ದಾಗ ಇಡೀ ರಜೆ ಇದೇ ಬಂಡೆಗಳ ಮೇಲೆ ಕಳೆದದ್ದು, ಯಾರೂ ಯಾತಕ್ಕೂ ಕರೆಯದಿದ್ದ ಆ ದಿನಗಳು, ಪೂರಾ ಮರಳಿ ಬರದಿದ್ದರೂ ಅಂಗಾಲಿಗೆ ತಾಗಿಹೋಗುತ್ತಿದ್ದವು. ಸೋಮವಾರ ಬೆಳಿಗ್ಗೆ ಯಾರದೋ ಸಿಂಕಿನ ಕೆಳಗೆ ಅಂಗಾತ ಮಲಗಿದಾಗಲೇ ಅವನಿಗೆ ಮುಂದಿನ ಭಾನುವಾರದ ಹಂಬಲ ಶುರುವಾಗುತ್ತಿತ್ತು.

ಬಿಲ್ಲೆಯ ಆಸೆಯೂ ಇತ್ತು, ಇಲ್ಲವೆನ್ನಲಾಗದು. ಮೂವತ್ತು ವರ್ಷ ಅವನು ಮಾಡಿದ ಕೆಲಸವೆಲ್ಲ ಗೋಡೆಯೊಳಗೆ, ನೆಲದೊಳಗೆ ಹೂತುಹೋಗಿತ್ತು. ಒಂದು ಕಡೆಯಾದರೂ ಹೊರಗೆ ಕಾಣುವಂತೆ ತನ್ನ ಹೆಸರಿರಬೇಕು, ಹಿಡಿದದ್ದನ್ನು ಒಂದು ಸಲವಾದರೂ ಕೊನೆ ಮುಟ್ಟಿಸಬೇಕು ಎಂದು ಜೀವ ಬಿಡುತ್ತಿದ್ದ. ವೃದ್ಧಾಶ್ರಮದ ಪೈಪು ಒಡೆದು ಈ ತಿಂಗಳ ಒಂದು ಭಾನುವಾರ ಆಗಲೇ ಹೋಗಿತ್ತು. ಇವತ್ತೂ ತಪ್ಪಿದರೆ ಐದು ವರ್ಷ ಮಣ್ಣುಪಾಲು. ಗ್ಲೆನಿಸ್ ಅವನ ಗಾಡಿ ತೆಗೆದುಕೊಂಡು, ತನ್ನ ತಾಯಿ ಬೆರಿಲ್‌ಳನ್ನು ಹತ್ತಿಸಿಕೊಂಡು, ಕೇಕಿನ ಸಮೇತ ಬೆಳಿಗ್ಗೆಯೇ ಕೊಳಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಜಾಗ ಹಿಡಿದಿದ್ದಳು.

"ಸರಿ, ಐದು ನಿಮಿಷ ಅಷ್ಟೇ," ಎಂದು ನೆವಿಲ್ ಬೇಲಿ ದಾಟಿದ.

ರೇಲೀನಳ ಮನೆ ನಲ್ಲಿಗೆ ಅವಳಷ್ಟೇ ವಯಸ್ಸು. ಪಾನಾ ಹಾಕಿ ಒಂದು ಸುತ್ತು ತಿರುಗಿಸಿದ್ದೇ ತಡ, ವಾಷರ್ ಬರುವ ಬದಲು ನಲ್ಲಿಯೇ ಕಿತ್ತು ಕೈಗೆ ಬಂತು. ನೀರು ಛಾವಣಿಗೆ ಹೊಡೆಯಿತು. ಛಾವಣಿಯಿಂದ ರೇಲೀನಳ ತಲೆಗೆ ಬಿತ್ತು.

"ಅಯ್ಯಯ್ಯೋ! ನಿಲ್ಸೋ, ನಿಲ್ಸೋ!"

"ಮನೆ ವಾಲ್ವ್ ಎಲ್ಲಿದೆ?"

"ಅಂಗಳದಲ್ಲಿತ್ತು. ಹೋದ ತಿಂಗಳು ಕಾರು ನಿಲ್ಲಿಸೋಕೆ ಅಂತ ಕಾಂಕ್ರೀಟ್ ಹಾಕ್ಸಿದ್ನಲ್ಲ, ಅದರ ಕೆಳಗಿದೆ."

ನೆವಿಲ್ ಬೈಯಲಿಲ್ಲ, ಬೈಯುವಷ್ಟು ಸಮಯವಿರಲಿಲ್ಲ. ಬೀದಿಯ ತುದಿಗೆ ಓಡಿದ. ಅಲ್ಲಿ ಇಡೀ ಬೀದಿಗೆ ನೀರು ಬಿಡುವ ಹಳೇ ವಾಲ್ವ್ ಇತ್ತು. ಮೊಣಕಾಲೂರಿ, ತುಕ್ಕು ಹಿಡಿದ ಅದರ ತಿರುಗಿಸುವ ಕಿವಿಗೆ ಪಾನಾ ಕೊಟ್ಟು ಮೈಯ ಬಲವನ್ನೆಲ್ಲ ಹಾಕಿ ಬಿಗಿದ. ನೀರು ನಿಂತಿತು. ಅದೇ ಹೊತ್ತಿಗೆ ವಾಲ್ವಿನ ಕಿವಿ ಮುರಿದು ಅವನ ಕಾಲ ಮೇಲೆ ಬಿತ್ತು. ಮುಚ್ಚಿದ ವಾಲ್ವ್ ಇನ್ನು ತೆರೆಯುವಂತಿರಲಿಲ್ಲ. ಗಂಟೆ ಒಂಬತ್ತು ಹತ್ತು.

ಭಾನುವಾರ ಒಂಬತ್ತು ಗಂಟೆಗೆ ನಮ್ಮ ಬೀದಿಯವರೆಲ್ಲ ನೀರಿನ ಕೆಳಗೇ ಇರುತ್ತಾರೆ. ಒಂದೊಂದೇ ಬಾಗಿಲು ತೆರೆಯಿತು. ಸೊಂಟಕ್ಕೆ ಟವೆಲ್ ಸುತ್ತಿದವರು, ಒಂದು ಕೆನ್ನೆ ಮಾತ್ರ ಬೋಳಿಸಿಕೊಂಡವರು, ಕೈಗೆ ಹಿಟ್ಟು ಮೆತ್ತಿಕೊಂಡವರು, ಎಲ್ಲರೂ ಬೀದಿಗೆ ಬಂದರು. ನಿವೃತ್ತ ಅಂಚೆಯವ ಲಯನೆಲ್ ತಲೆತುಂಬ ಶಾಂಪೂ ನೊರೆ ಹೊತ್ತು, ಒಂದು ಕಣ್ಣು ಮುಚ್ಚಿಕೊಂಡು ಬಂದ.

"ಯಾವನಯ್ಯಾ ಅದು ನೀರು ನಿಲ್ಸಿದ್ದು?" ಎಂದು ಗದರಿದ. ತೆರೆದಿದ್ದ ಕಣ್ಣಿನಲ್ಲಿ ನೆವಿಲ್ ಕಂಡ. "ನೀನಾ! ಪ್ಲಂಬರ್ ಆಗಿ ನೀನೇ ಹೀಗೆ ಮಾಡಿದ್ರೆ ನಾವು ಯಾರನ್ನ ಕರೀಬೇಕು?"

"ಒಂದು ಗಂಟೆ ಕೊಡಿ, ಹೊಸದು ಹಾಕ್ತೀನಿ," ಎಂದ ನೆವಿಲ್. ಹೇಳುತ್ತಿದ್ದಂತೆಯೇ ಅವನ ಮುಖ ಬಾಡಿತು. ವಾಲ್ವ್ ಹಾಕುತ್ತಾ ಕೂತರೆ ಹತ್ತು ಗಂಟೆ ಹೋಯಿತು, ಐದು ವರ್ಷ ಹೋಯಿತು. ಬಿಟ್ಟುಹೋದರೆ ಇಪ್ಪತ್ತು ಮನೆಗೆ ನೀರಿಲ್ಲ. ಇಪ್ಪತ್ತು ಮನೆಗೆ ನೀರು ತಪ್ಪಿಸಿ ತಾನು ನೀರಿಗೆ ಹಾರುವುದು ಅವನಿಂದಾಗುವ ಕೆಲಸವಲ್ಲ. ಅವನು ಮತ್ತೆ ಮೊಣಕಾಲೂರಿದ. ತಲೆ ತಗ್ಗಿಸಿಕೊಂಡೇ ಪಾನಾ ಕೈಗೆತ್ತಿಕೊಂಡ. ಬೆನ್ನು ನೋಡಿದರೇ ಕರುಳು ಚುರ್ ಅನ್ನುವಂತಿತ್ತು.

ಆಗ ರೇಲೀನ್ ಒದ್ದೆ ಕೂದಲು ಹಿಂಡಿಕೊಳ್ಳುತ್ತಾ ಗುಂಪಿನ ನಡುವೆ ನುಗ್ಗಿದಳು. "ಏನ್ರೋ ನೋಡ್ತಾ ನಿಂತಿದೀರಿ? ಇವತ್ತು ಇವನ ಕೊನೇ ಭಾನುವಾರ! ಐದು ವರ್ಷ ಆ ಚಳೀಲಿ ಸತ್ತಿದಾನೆ ಪಾಪ. ಇವತ್ತು ಹೋಗದೆ ಇದ್ರೆ ಮತ್ತೆ ಐದು ವರ್ಷ ಸಾಯ್ಬೇಕು. ನಿಮಗೆ ಒಂದು ದಿನ ಮುಖ ತೊಳೀದೆ ಇದ್ರೆ ಏನಾಗುತ್ತೆ?"

ಲಯನೆಲ್ ಹಣೆಯ ಮೇಲಿನ ನೊರೆ ಒರೆಸಿಕೊಂಡ. "ಅರೆ ಹೌದಲ್ಲ! ಏಳೋ ಮೇಲೆ. ನೀರು ಎಲ್ಲಿಗೂ ಓಡಿಹೋಗಲ್ಲ. ಹತ್ತು ನನ್ನ ಕಾರು!"

"ಆದ್ರೆ ವಾಲ್ವ್..."

"ವಾಲ್ವ್ ಹಾಳಾಗಿ ಹೋಗ್ಲಿ! ಹತ್ತು ಅಂದ್ರೆ ಹತ್ತೋ!"

ಮುಲ್ಲಾರಾದ ಇತಿಹಾಸದಲ್ಲೇ ಮೊದಲ ಸಲ ಜನ ನೆವಿಲ್‌ನನ್ನು ಪೈಪಿನಿಂದ ಎಳೆದು ದೂರ ಒಯ್ದರು. ಅವನ ಕಣ್ಣು ತುಂಬಿಬಂತು. ಇಷ್ಟು ದಿನ ಈ ಜನರನ್ನು ತಾನು ತಪ್ಪು ತಿಳಿದಿದ್ದೆ ಅನ್ನಿಸಿತು. ಲಯನೆಲ್‌ನ ಕಾರು ಮುಂದೆ, ಟವೆಲ್ಲು, ಹಿಟ್ಟು, ಅರ್ಧ ಗಡ್ಡದ ಸಮೇತ ಇಡೀ ಬೀದಿಯ ಕಾರುಗಳು ಹಿಂದೆ. ಕೊಳ ಇರುವುದು ಗುಡ್ಡದ ಆಚೆ ಮಗ್ಗುಲಿಗೆ, ಆರು ಕಿಲೋಮೀಟರ್. ಗಂಟೆ ಒಂಬತ್ತೂವರೆ ದಾಟಿತ್ತು.

ಗುಡ್ಡದ ತುದಿಗೆ ಬರುವ ಹೊತ್ತಿಗೆ ಕಾರಿನ ಮೂತಿಯಿಂದ ಬುಸ್ಸೆಂದು ಹಬೆ ಎದ್ದಿತು.

"ಇದೇನು ಲಯನೆಲ್?"

"ರೇಡಿಯೇಟರಿಗೆ ನೀರು ಹಾಕಬೇಕಿತ್ತು ಕಣೋ. ಸ್ನಾನ ಆದ್ಮೇಲೆ ಹಾಕೋಣ ಅಂತಿದ್ದೆ," ಎಂದ ಲಯನೆಲ್. "ಅಷ್ಟರಲ್ಲಿ ನೀನು ನೀರು ನಿಲ್ಸಿದೆ."

ಕಾರು ರಸ್ತೆಗೆ ಅಡ್ಡಲಾಗಿ ನಿಂತುಬಿಟ್ಟಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಂದರ. ಹಿಂದಿನ ಕಾರುಗಳಿಗೂ ದಾರಿಯಿಲ್ಲ. ಕೆಳಗೆ, ಎಷ್ಟೋ ಕೆಳಗೆ, ಕೊಳ ಕಾಣುತ್ತಿತ್ತು. ಚಿಕ್ಕ ಹಸಿರು ಚೌಕ, ಅದರ ಅಂಚಿನಲ್ಲಿ ಬಿಳಿ ನೊರೆ. ನೆವಿಲ್ ಬಾಗಿಲು ತೆರೆದು ಇಳಿಜಾರಿನ ಕಾಲುದಾರಿಯಲ್ಲಿ ಓಡಿದ. ಅವನ ಹಿಂದೆ ರೇಲೀನ್ ಓಡಿದಳು, ಲಯನೆಲ್ ಓಡಿದ, ಇಡೀ ಬೀದಿ ಓಡಿತು. ಈ ಐದು ವರ್ಷದಲ್ಲಿ ನಮ್ಮ ಬೀದಿಯವರು ಮಾಡಿದ ವ್ಯಾಯಾಮ ಅದೊಂದೇ.

ನಮ್ಮ ಸಂಘದ ಸ್ಪರ್ಧೆಯಲ್ಲಿ ಎಲ್ಲರೂ ಒಟ್ಟಿಗೆ ಹಾರುವುದಿಲ್ಲ. ನಿಧಾನದವರು ಮೊದಲು, ಚುರುಕಿನವರು ಕೊನೆಗೆ. ಎಲ್ಲರೂ ಸುಮಾರು ಒಂದೇ ಹೊತ್ತಿಗೆ ಬಂದು ಗೋಡೆ ಮುಟ್ಟಲಿ ಎಂದು ಒಬ್ಬೊಬ್ಬರ ಹೆಸರಿನ ಮುಂದೆಯೂ ಒಂದು ಸಮಯ ಬರೆದಿಟ್ಟಿರುತ್ತಾರೆ. ನೆವಿಲ್‌ನದು ನಾಲ್ಕು ಸುತ್ತಿಗೆ ಆರು ನಿಮಿಷ, ಇಡೀ ಸಂಘದಲ್ಲೇ ಅತಿ ನಿಧಾನ. ಎಂಬತ್ತು ದಾಟಿದ ಅಜ್ಜಿಯರೂ ಅವನನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಬೇಗ ಮುಗಿಸಿ ಅವನಾದರೂ ಎಲ್ಲಿಗೆ ಹೋಗಬೇಕಿತ್ತು?

ಸಂಘದ ಅಧ್ಯಕ್ಷರೂ ಅವರೇ, ಗಡಿಯಾರ ಹಿಡಿಯುವವರೂ ಅವರೇ ಆದ ಮುದುಕ ಕ್ಲಾರಿ ಕೊಳದಂಚಿನಲ್ಲಿ ನಿಂತಿದ್ದರು. ನಲವತ್ತು ವರ್ಷದಲ್ಲಿ ಅವರು ಯಾರಿಗೂ ಅರ್ಧ ಸೆಕೆಂಡು ರಿಯಾಯಿತಿ ಕೊಟ್ಟವರಲ್ಲ, ಸ್ವಂತ ಹೆಂಡತಿಗೂ ಕೊಟ್ಟಿರಲಿಲ್ಲ.

"ಮೊದಲನೆಯವರು, ನೆವಿಲ್ ಟ್ರೆಂಬತ್!" ಎಂದು ಕೂಗಿ ಕ್ಲಾರಿ ಆಚೀಚೆ ನೋಡಿದರು. "ಟ್ರೆಂಬತ್ ಇಲ್ವಾ?"

"ಬರ್ತಾನೆ, ಬಂದೇ ಬರ್ತಾನೆ!" ಗ್ಲೆನಿಸ್ ಕೇಕಿನ ಡಬ್ಬಿ ಎದೆಗವಚಿಕೊಂಡು ಎದ್ದುನಿಂತಳು.

"ಹತ್ತು ಗಂಟೆ ಅಂದ್ರೆ ಹತ್ತು ಗಂಟೆ ಗ್ಲೆನಿಸ್. ಐದು, ನಾಲ್ಕು, ಮೂರು..."

ಮೆಟ್ಟಿಲ ಮೇಲೆ ಬೂಟಿನ ದಡದಡ ಸದ್ದಾಯಿತು. ಒಂದು ಬೂಟು ಕ್ಲಾರಿಯವರ ಕಿವಿಯ ಪಕ್ಕದಲ್ಲೇ ಹಾರಿಹೋಯಿತು. ಕೆಲಸದ ಚಡ್ಡಿಯಲ್ಲೇ, ಅಂಗಿಯ ಒಂದು ತೋಳು ಬಿಚ್ಚಿ ಒಂದು ತೋಳು ಉಳಿಸಿಕೊಂಡೇ, "ಹೋಗು!" ಎನ್ನುವುದಕ್ಕೂ ನೆವಿಲ್ ನೀರಿಗೆ ಬೀಳುವುದಕ್ಕೂ ಸರಿಹೋಯಿತು.

ಆ ದಿನ ಅವನು ಈಜಿದ ಈಜು ನಮ್ಮೂರು ಕಂಡಿದ್ದಿಲ್ಲ. ಗುಡ್ಡ ಇಳಿದ ರಭಸ ಇನ್ನೂ ಕಾಲಲ್ಲಿತ್ತು. ಇಪ್ಪತ್ತು ಮನೆಗೆ ನೀರಿಲ್ಲ, ಬೇಗ ಹೋಗಬೇಕು ಎಂಬ ಕಳವಳ ತೋಳಲ್ಲಿತ್ತು. ಅಂಚಿನಲ್ಲಿ ಟವೆಲ್ ಸುತ್ತಿಕೊಂಡ ಅರ್ಧ ಊರು ನಿಂತು, "ನೆವಿಲ್! ನೆವಿಲ್!" ಎಂದು ಗಂಟಲು ಹರಿದುಕೊಳ್ಳುತ್ತಿತ್ತು. ಅಜ್ಜಿಯರು ಹಿಂದೆ ಉಳಿದರು. ಅವರ ಹಿಂದೆ ಹಾರಿದ ಚುರುಕಿನವರೂ ಹಿಂದೆ ಉಳಿದರು. ನಾಲ್ಕನೇ ಸುತ್ತು ಮುಗಿಸಿ ನೆವಿಲ್ ಗೋಡೆ ಮುಟ್ಟಿದಾಗ ಅವನ ಹತ್ತಿರದಲ್ಲಿ ಯಾರೂ ಇರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಮೊದಲಿಗನಾಗಿದ್ದ.

ಗ್ಲೆನಿಸ್ ಓಡಿಬಂದು ದೊಡ್ಡ ಟವೆಲ್ ಹೊದಿಸಿ ಅಪ್ಪಿಕೊಂಡಳು. ಅವಳ ಕಣ್ಣಲ್ಲಿ ನೀರು. "ಮುಗೀತು ಕಣೋ ನೆವ್, ಮುಗೀತು! ಇನ್ನು ನೀನು ಈ ದರಿದ್ರ ಚಳೀಲಿ ಬರೋ ಹಾಗೇ ಇಲ್ಲ."

"ಆಂ?" ಎಂದ ನೆವಿಲ್.

"ಆಜೀವ ಸದಸ್ಯರು ಬರಲೇಬೇಕು ಅಂತ ನಿಯಮ ಇಲ್ವಂತೆ, ಕ್ಲಾರಿನ ಕೇಳ್ದೆ. ಇನ್ಮೇಲೆ ಭಾನುವಾರ ಎಲ್ಲಾ ನಮ್ಮದೇ! ಅಮ್ಮನ ಮನೆ ಸೂರಿನ ಮಳೆನೀರು ಹರಿಯೋ ದೋಣಿ ತುಂಬ ಎಲೆ ಕಟ್ಕೊಂಡಿದೆ, ಮೊದಲು ಅದನ್ನ ಮುಗಿಸಿಬಿಡು."

"ಐದು ವರ್ಷದಿಂದ ಕಾಯ್ತಿದೀನಪ್ಪಾ," ಎಂದಳು ಅತ್ತೆ ಬೆರಿಲ್, ಕುರ್ಚಿಯಲ್ಲಿ ಕೂತಲ್ಲಿಂದಲೇ. "ಪಾಪ, ಅವನಿಗೆ ಭಾನುವಾರ ಕಷ್ಟ ಅಂತ ಬಾಯಿ ಬಿಡ್ದೆ ಸುಮ್ನಿದ್ದೆ. ದೋಣಿ ಆದ್ಮೇಲೆ ಸ್ನಾನದ ಮನೆ ಟೈಲ್ಸ್ ಬದಲಾಯಿಸ್ಬೇಕು."

"ಅದಾದ ಮಾರನೇ ಭಾನುವಾರ ನನ್ನ ಕಾಂಕ್ರೀಟ್ ಒಡೀಬೇಕು," ಎಂದಳು ರೇಲೀನ್. "ನಾನು ಈಗ್ಲೇ ಹೇಳಿಟ್ಟಿದೀನಿ, ನಡುವೆ ಯಾರೂ ನುಗ್ಗಬೇಡಿ."

ಲಯನೆಲ್‌ಗೆ ಹಿತ್ತಲಲ್ಲೊಂದು ಷೆಡ್ಡು ಕಟ್ಟಬೇಕಿತ್ತು. ನೆವಿಲ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರ ಕಣ್ಣಲ್ಲೂ ಅವನ ಮೇಲಿನ ಪ್ರೀತಿಯೇ ತುಳುಕುತ್ತಿತ್ತು. ಇಂಥ ಪ್ರೀತಿಯಿಂದ ತಪ್ಪಿಸಿಕೊಳ್ಳಲು ದಾರಿಯುಂಟೇ? ಬಿಲ್ಲೆಯ ಆಚೆಗೆ ಏನಿದೆಯೆಂದು ಈ ಐದು ವರ್ಷದಲ್ಲಿ ಅವನು ಒಂದು ದಿನವೂ ಯೋಚಿಸಿರಲಿಲ್ಲ. ಈಗ ಕಂಡಿತು. ಸೂರಿನ ದೋಣಿ ಕಂಡಿತು, ಟೈಲ್ಸ್ ಕಂಡಿತು, ಕಾಂಕ್ರೀಟ್ ಕಂಡಿತು. ಬೆನ್ನ ಹಿಂದೆ ನೀರು ಗೋಡೆಗೆ ಬಡಿದು ಹಿಂದಕ್ಕೆ ಹೋಗುವ ಸದ್ದು ಕೇಳುತ್ತಿತ್ತು. ತಾನು ಇಷ್ಟು ಬೇಗ ಯಾಕೆ ಮುಗಿಸಿದೆ, ಕೊನೆಯ ಸಲವೆಂದು ಗೊತ್ತಿದ್ದರೆ ಇನ್ನಷ್ಟು ನಿಧಾನವಾಗಿ ಈಜಬಹುದಿತ್ತಲ್ಲ ಎಂದು ಅವನು ನೀರಿನ ಕಡೆ ತಿರುಗಿ ನೋಡಿದ.

ಆಗ ಕ್ಲಾರಿಯವರ ಸೀಟಿ ಕೂಗಿತು.

"ಟ್ರೆಂಬತ್‌ನ ಸಮಯ, ನಾಲ್ಕು ನಿಮಿಷ ಮೂವತ್ತೆಂಟು ಸೆಕೆಂಡು," ಎಂದು ಓದಿ ಅವರು ಕನ್ನಡಕ ತೆಗೆದರು. ಅವರ ದನಿ ಭಾರವಾಗಿತ್ತು. "ಬರೆಸಿದ್ದು ಆರು ನಿಮಿಷ. ತನ್ನ ಸಮಯಕ್ಕಿಂತ ಐದು ಸೆಕೆಂಡಿಗೂ ಹೆಚ್ಚು ಬೇಗ ಈಜಿದ್ರೆ ಆ ಈಜು ರದ್ದು. ನಿಧಾನ ಅಂತ ನಾಟಕ ಆಡಿ ಮೊದಲು ಹಾರೋ ಕಳ್ಳರಿಗೆ ಅಂತ ಮಾಡಿದ ನಿಯಮ ಇದು. ನೆವಿಲ್ ಕಳ್ಳ ಅಲ್ಲ, ನನಗೆ ಗೊತ್ತು. ಆದ್ರೆ ನಿಯಮ ನಿಯಮಾನೇ. ಇವತ್ತು ಅವನು ಬಂದೇ ಇಲ್ಲ ಅಂತ ಲೆಕ್ಕ. ಈ ತಿಂಗಳು ಇದು ಎರಡನೇದು. ನೆವಿಲ್, ಮತ್ತೆ ಮೊದಲಿಂದ ಶುರು ಮಾಡ್ಬೇಕಪ್ಪ. ಐದು ವರ್ಷ."

ಗ್ಲೆನಿಸಳ ಕೈಯಿಂದ ಕೇಕಿನ ಡಬ್ಬಿ ಜಾರಿತು.

ಐದು ವರ್ಷ! ನೆವಿಲ್‌ಗೆ ಮೊದಲು ಕಿವಿ ಮುಚ್ಚಿಹೋದಂತಾಯಿತು. ಆಮೇಲೆ ಹೊಟ್ಟೆಯ ಆಳದಿಂದ ಏನೋ ಗುಳುಗುಳು ಏಳತೊಡಗಿತು. ಐದು ವರ್ಷದ ಭಾನುವಾರಗಳು! ನಿಯಮಬದ್ಧವಾಗಿ, ಯಾರೂ ಮುಟ್ಟುವಂತಿಲ್ಲದೆ! ನಗು ತಡೆಯಲಾಗಲಿಲ್ಲ. ಎಲ್ಲರೆದುರು ನಕ್ಕರೆ ಕೆಟ್ಟೆನಲ್ಲಾ ಎಂದು ಅವನು ಟವೆಲಿನೊಳಗೆ ಮುಖ ಹುದುಗಿಸಿದ. ಭುಜಗಳು ಕುಲುಕುಲು ಕುಲುಕಿದವು. ಹೊರಕ್ಕೆ ಬಂದದ್ದು ಕುಂಯ್ ಎಂಬ ಒಂದು ಸಣ್ಣ ಸದ್ದು ಮಾತ್ರ.

"ಅಳ್ತಿದಾನೆ," ಎಂದಳು ರೇಲೀನ್, ಪಿಸುದನಿಯಲ್ಲಿ.

"ಮೂವತ್ತು ವರ್ಷದಿಂದ ನೋಡ್ತಿದೀನಿ, ಒಂದು ದಿನಾನೂ ಅತ್ತೋನಲ್ಲ," ಎಂದು ಗ್ಲೆನಿಸ್ ತಾನೇ ಬಿಕ್ಕಿದಳು.

ಲಯನೆಲ್ ಸಿಟ್ಟಿನಿಂದ ನೊರೆ ಚಿಮ್ಮಿಸುತ್ತಾ ಕ್ಲಾರಿಯವರ ಮುಂದೆ ಹೋಗಿ ನಿಂತ. "ಏನ್ ಸ್ವಾಮಿ ಇದು? ಒಬ್ಬ ಮನುಷ್ಯ ಚೆನ್ನಾಗಿ ಈಜಿದ್ದೇ ತಪ್ಪಾ? ನಮ್ಮ ನೀರು ನಿಲ್ಸಿ ಬಂದಿದಾನೆ ಅವನು! ನಾವು ತಲೆ ತೊಳೀದೆ ಬಂದಿದೀವಿ! ಇದಕ್ಕೆಲ್ಲ ಬೆಲೆ ಇಲ್ವಾ?"

ಅಪಾಯ ಯಾವ ಕಡೆಯಿಂದ ಬರುತ್ತಿದೆಯೆಂದು ನೆವಿಲ್‌ಗೆ ತಟ್ಟನೆ ಹೊಳೆಯಿತು. ಟವೆಲ್ ಕಿತ್ತೆಸೆದ. ನಕ್ಕು ನಕ್ಕು ಅವನ ಕಣ್ಣು ಕೆಂಪಾಗಿತ್ತು, ಕೆನ್ನೆ ಒದ್ದೆಯಾಗಿತ್ತು. "ಬೇಡ, ಬೇಡ! ಕ್ಲಾರಿ ಹೇಳಿದ್ದೇ ಸರಿ. ನಿಯಮ ಅಂದ್ಮೇಲೆ ಮುಗೀತು. ನಾನು ಮೊದಲಿಂದ ಶುರು ಮಾಡ್ತೀನಿ. ಮುಂದಿನ ಭಾನುವಾರವೇ ಬರ್ತೀನಿ!"

ಅಲ್ಲಿಗೆ ಮುಗಿಯಿತು. ಹೆಂಗಸರಷ್ಟೇ ಅಲ್ಲ, ಬಂಡೆಯಂಥ ಗಂಡಸರೂ ಮೂಗು ಒರೆಸಿಕೊಂಡರು. "ನೋಡ್ರೋ, ಇವನಲ್ವಾ ಮನುಷ್ಯ ಅಂದ್ರೆ!" ಎಂದು ಯಾರೋ ಕೂಗಿದರು.

"ನನಗೋಸ್ಕರ ನಿಯಮ ಮುರೀಬೇಡಿ! ಕ್ಲಾರಿ, ನಿಮ್ಮ ಕಾಲಿಗೆ ಬೀಳ್ತೀನಿ, ಮುರೀಬೇಡಿ!" ನೆವಿಲ್‌ನ ದನಿ ನಿಜವಾಗಿಯೂ ಒಡೆಯಿತು.

ಅವನು ಬೇಡಿದಷ್ಟೂ ಜನ ಕರಗಿದರು. "ಕೈ ಎತ್ತಿ ಎಲ್ಲಾ!" ಎಂದು ರೇಲೀನ್ ಅಪ್ಪಣೆ ಮಾಡಿದಳು. ಸಂಘದವರು ಎತ್ತಿದರು, ಸಂಘಕ್ಕೆ ಸಂಬಂಧವೇ ಇಲ್ಲದ ನಮ್ಮ ಬೀದಿಯವರು ಎರಡೆರಡು ಎತ್ತಿದರು. ನೀರಿನಿಂದ ಇನ್ನೂ ಏರದಿದ್ದ ಅಜ್ಜಿಯರು ಅಲ್ಲಿಂದಲೇ ಎತ್ತಿದರು. "ಬೇಡ ಅನ್ನೋರು?" ಎಂದು ಕೇಳಿದಾಗ ಒಂದೇ ಕೈ ಮೇಲೆದ್ದಿತು. ಅದು ನೆವಿಲ್‌ನದು. ಅದನ್ನು ವಿನಯವೆಂದು ತಳ್ಳಿಹಾಕಿದರು.

ಕ್ಲಾರಿ ಬಹಳ ಹೊತ್ತು ಗಡಿಯಾರವನ್ನೇ ನೋಡುತ್ತಾ ನಿಂತರು. ಆಮೇಲೆ ಅದನ್ನು ಜೇಬಿಗಿಳಿಸಿದರು. "ನಲವತ್ತು ವರ್ಷದಲ್ಲಿ ಇದೇ ಮೊದಲು," ಎಂದವರೇ ಮುಂದೆ ಬಂದು, ಹಿತ್ತಾಳೆ ಬಿಲ್ಲೆಯನ್ನು ನೆವಿಲ್‌ನ ಅಂಗಿಯ ಉಳಿದ ತೋಳಿಗೆ ಚುಚ್ಚಿದರು. ಚಪ್ಪಾಳೆಯ ಸದ್ದಿಗೆ ಕಡಲಹಕ್ಕಿಗಳು ಎದ್ದುಹೋದವು. ನೆವಿಲ್ ಈಗ ನಿಜವಾಗಿಯೂ ಅತ್ತ. ಎಲ್ಲರೂ ಸಂತೋಷದಿಂದ ನಕ್ಕರು.

ಗದ್ದಲ ಸ್ವಲ್ಪ ಇಳಿದ ಮೇಲೆ ಅವನು ಕ್ಲಾರಿಯವರನ್ನು ಗೋಡೆಯ ಬದಿಗೆ ಕರೆದುಕೊಂಡು ಹೋದ. "ಕ್ಲಾರಿ, ಆಜೀವ ಸದಸ್ಯರಿಗೆ ಏನಾದ್ರೂ ನಿಯಮ ಇದೆಯಾ? ತಿಂಗಳಿಗೆ ಒಂದು ಸಲ ಬರ್ಬೇಕು ಅಂತನೋ, ವರ್ಷಕ್ಕೆ ಇಷ್ಟು ಅಂತನೋ? ಚಿಕ್ಕದಾದ್ರೂ ಪರವಾಗಿಲ್ಲ."

"ಏನೂ ಇಲ್ಲ ಮಾರಾಯ, ನಿನಗಿನ್ನು ಬಿಡುಗಡೆ!" ಕ್ಲಾರಿ ಅವನ ಬೆನ್ನು ತಟ್ಟಿದರು. "ಇಷ್ಟ ಬಂದಾಗ ಬಾ, ಈಜು."

ಇಷ್ಟ ಬಂದಾಗ! ಇಷ್ಟ ಅಂತ ಹೇಳಿ ಮನೆಯಿಂದ ಹೊರಗೆ ಒಂದು ಹೆಜ್ಜೆ ಇಡಲು ಈ ಊರು ಅವನನ್ನು ಯಾವತ್ತಾದರೂ ಬಿಟ್ಟಿತ್ತೇ? ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ಅಂಗಡಿಯಲ್ಲಿ ಕೆಲಸ ಮಾಡುವವಳು, ತುಟಿ ನೀಲಿಯಾಗಿ ನೀರಿನಿಂದ ಏರಿಬಂದಳು. "ಅಯ್ಯೋ, ಇನ್ನೂ ನಾಲ್ಕು ವರ್ಷ ಹತ್ತು ತಿಂಗಳು!" ಎಂದು ಅವಳು ಹಲ್ಲು ಕಟಕಟಿಸುತ್ತಾ ನರಳಿದಳು. ನೆವಿಲ್ ಅವಳನ್ನು ಅಸೂಯೆಯಿಂದ ನೋಡಿದ. ಅಲೆಯೊಂದು ಗೋಡೆ ಹಾರಿ ಬಂದು ಅವನ ಪಾದ ತೋಯಿಸಿ ಹಿಂದಕ್ಕೆ ಹೋಯಿತು.

ಗ್ಲೆನಿಸ್ ಅವನ ತೋಳು ಹಿಡಿದಳು. "ನಡಿ ನೆವ್, ವಾಲ್ವ್ ಹಾಕ್ಬೇಕಲ್ಲ, ಎಲ್ಲರೂ ಕಾಯ್ತಿದಾರೆ. ಅಂದ ಹಾಗೆ ಅಮ್ಮ ಕೇಳ್ತಿದಾಳೆ, ಮುಂದಿನ ಭಾನುವಾರ ಎಷ್ಟೊತ್ತಿಗೆ ಬರ್ತೀಯ ಅಂತ."

"ಎಷ್ಟೊತ್ತಿಗಾದ್ರೂ ಸರಿ ಅನ್ನು," ಎಂದ ನೆವಿಲ್, ನೀರಿನಿಂದ ಕಣ್ಣು ಕೀಳದೆ. "ನಾನು ಬಿಡುವಾಗೇ ಇರ್ತೀನಿ."